ಹಿತ್ತಲ ಗಿಡ ಮೊದಲು ಆಹಾರ, ಅನಂತರ ಮದ್ದು

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ಆಯುರ್ವೇದ ವೈದ್ಯರು ಬಹುಕಾಲದಿಂದ ಒಂದು ದೂರಿನಂತೆ ಹೇಳುತ್ತ ಬಂದಿದ್ದಾರೆ. ಕಣ್ಣೆದುರಿನ ಗಿಡವನ್ನು ಜನರು ಕಡೆಗಣಿಸಿ, ದೂರದಿಂದ ಬಂದ ಔಷಧಕ್ಕೆ ಹಣ ಸುರಿಯುತ್ತಾರೆ ಎಂಬುದು ಆ ದೂರಿನ ತಿರುಳು. ತುಳಸಿಯ ವಿಷಯದಲ್ಲಿ ಈಗ ನಡೆದಿರುವುದು ಇದಕ್ಕಿಂತ ವಿಚಿತ್ರವಾದುದು. ತುಳಸಿಯನ್ನು ಇಂದು ಯಾರೂ ಕಡೆಗಣಿಸಿಲ್ಲ. ಔಷಧದಂಗಡಿಯಲ್ಲಿ ಅದು ಹನಿಯಾಗಿ, ಗುಳಿಗೆಯಾಗಿ, ಚಹಾಪುಡಿಯಾಗಿ, ಕೆಮ್ಮಿನ ಸಿರಪ್ ಆಗಿ ಸಾಲುಗಟ್ಟಿ ನಿಂತಿದೆ. ಗಿಡ ಮಾತ್ರ ಅನೇಕ ಹಿತ್ತಲುಗಳಿಂದ ಕಾಣೆಯಾಗಿದೆ. ಎಲೆ ಕೊಯ್ದು ಬಳಸುತ್ತಿದ್ದ ಮನೆಗಳಲ್ಲಿ ಈಗ ಸೀಸೆಯ ಮುಚ್ಚಳ ತೆರೆದು ಹನಿ ಎಣಿಸುತ್ತಾರೆ.

ಇದರಿಂದ ಹಣದ ನಷ್ಟವಷ್ಟೇ ಆಗಿದ್ದರೆ ಈ ಲೇಖನದ ಅಗತ್ಯ ಇರುತ್ತಿರಲಿಲ್ಲ. ಸೀಸೆಯನ್ನು ಸೇರಿದ ಗಿಡಕ್ಕೆ ಶಾಸ್ತ್ರದಲ್ಲಿ ಹೇಳದ ಮಹಿಮೆಯೂ ಅಂಟಿಕೊಂಡಿದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೂತ್ರಪಿಂಡದ ಕಲ್ಲು, ಅರ್ಬುದ ಎಲ್ಲಕ್ಕೂ ಇದೊಂದೇ ಸಾಕೆಂಬ ಮಾತು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿದೆ. ಅದನ್ನು ನಂಬಿ ಚಿಕಿತ್ಸೆಯನ್ನು ಮುಂದೂಡಿದವರನ್ನು ನಾವು ನಮ್ಮ ಚಿಕಿತ್ಸಾಲಯದಲ್ಲಿ ಮೇಲಿಂದ ಮೇಲೆ ಕಾಣುತ್ತಿದ್ದೇವೆ. ಆದುದರಿಂದ ಸುಮಾರು ನಾಲ್ಕು ದಶಕಗಳ ವೈದ್ಯವೃತ್ತಿಯ ಅನುಭವದ ಮೇಲೆ ಸದ್ಭಕ್ತರಲ್ಲಿ ಒಂದು ಮಾತನ್ನು ಅರಿಕೆ ಮಾಡಿಕೊಳ್ಳುತ್ತೇವೆ. ತುಳಸಿಯೂ ಅದರ ಬಂಧುವಾದ ಕಾಮಕಸ್ತೂರಿಯೂ ಮೊದಲು ಆಹಾರ, ಅನಂತರ ಮದ್ದು. ಅವನ್ನು ಮನೆಯಲ್ಲಿ ಬೆಳೆಸಿ, ಅಡುಗೆಯಲ್ಲಿ ಹಿತಮಿತವಾಗಿ ಬಳಸುವುದೇ ಅವುಗಳಿಂದ ಪಡೆಯಬಹುದಾದ ನಿಜವಾದ ಲಾಭ.

ಒಂದು ಕುಲದ ಎರಡು ಗಿಡಗಳು

ನಾವು ತುಳಸಿ ಎನ್ನುವ ಗಿಡವನ್ನು ಸಸ್ಯಶಾಸ್ತ್ರಜ್ಞರು ಓಸಿಮಮ್ ಟೆನ್ಯುಯಿಫ್ಲೋರಮ್ ಎಂದೂ, ಕಾಮಕಸ್ತೂರಿಯನ್ನು ಓಸಿಮಮ್ ಬೆಸಿಲಿಕಮ್ ಎಂದೂ ಕರೆಯುತ್ತಾರೆ. ಎರಡಕ್ಕೂ ಈ ಹೆಸರು ಬಂದದ್ದು 1753ರಲ್ಲಿ, ಲಿನೇಯಸ್‌ನ ಗ್ರಂಥದಿಂದ. ಪುದೀನ, ದೊಡ್ಡಪತ್ರೆಗಳೂ ಇದೇ ಕುಟುಂಬಕ್ಕೆ ಸೇರಿದವು. ಎಳೆಯ ಕಾಂಡವನ್ನು ಬೆರಳುಗಳ ನಡುವೆ ಹೊರಳಿಸಿ ನೋಡಿದರೆ ಅದು ದುಂಡಾಗಿರದೆ ಚೌಕಾಕಾರವಾಗಿರುವುದು ತಿಳಿಯುತ್ತದೆ. ಈ ಕುಟುಂಬದ ಗುರುತು ಅದು.

ತುಳಸಿಯ ಎಲೆ ಚಿಕ್ಕದು, ಅಂಚು ಗರಗಸದಂತೆ, ಮೇಲೆ ಸಣ್ಣ ರೋಮ. ಅದರ ಘಾಟಿಗೆ ಮುಖ್ಯ ಕಾರಣ ಯುಜಿನಾಲ್ ಎಂಬ ತೈಲಾಂಶ. ಲವಂಗದಲ್ಲಿರುವುದೂ ಇದೇ. ಕಾಮಕಸ್ತೂರಿಯ ಎಲೆ ಅಗಲ, ನುಣುಪು, ಹೊಳಪು. ಅದರ ಪರಿಮಳ ಮೃದು, ಕೊಂಚ ಸೋಂಪಿನ ನೆನಪು ತರುವಂಥದು. ಈಚೆಗೆ ದೊಡ್ಡ ಅಂಗಡಿಗಳಲ್ಲಿ ಬೇಸಿಲ್ ಎಂಬ ಹೆಸರಿನಲ್ಲಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ದುಬಾರಿ ಬೆಲೆಗೆ ಮಾರುವ ಸೊಪ್ಪು ಇದೇ ಕಾಮಕಸ್ತೂರಿಯ ಇನ್ನೊಂದು ತಳಿ. ಗ್ರೀಕ್ ಭಾಷೆಯಲ್ಲಿ ಆ ಹೆಸರಿಗೆ ರಾಜೋಚಿತವಾದುದು ಎಂಬ ಅರ್ಥವಿದೆ. ನಮ್ಮ ಹೂವಿನ ಸಂತೆಯಲ್ಲಿ ಅದು ಮರುಗ, ದವನಗಳ ಪಕ್ಕದಲ್ಲಿ ಮಾಲೆಗೆಂದು ಸಿಗುತ್ತದೆ. ಅಡುಗೆಮನೆಗೆ ಮಾತ್ರ ಬರುವುದಿಲ್ಲ.

ನಮ್ಮ ಕಡೆಯ ಪೂಜೆಯಲ್ಲಿ ಬಿಲ್ವಪತ್ರೆಗೆ ಇರುವ ಸ್ಥಾನ ತುಳಸಿಗೆ ಇಲ್ಲ. ತುಳಸಿಕಟ್ಟೆ ಕಟ್ಟುವ ರೂಢಿಯೂ ನಮ್ಮ ಎಲ್ಲ ಮನೆಗಳಲ್ಲಿ ಇಲ್ಲ. ಈ ಕಾರಣದಿಂದ ಅದು ನಮ್ಮ ಗಿಡವಲ್ಲವೆಂದು ದೂರವಿಟ್ಟ ಭಕ್ತರೂ ಇದ್ದಾರೆ. ಗಿಡಕ್ಕೆ ಮತಭೇದವಿಲ್ಲ. ಕೊತ್ತಂಬರಿ, ಕರಿಬೇವುಗಳನ್ನು ಬೆಳೆಸುವಂತೆ ಇದನ್ನೂ ಬೆಳೆಸಬಹುದು. ಕಟ್ಟೆ ಇರಲೇಬೇಕೆಂದಿಲ್ಲ; ಬಿಸಿಲು ಬೀಳುವ ಒಂದು ಮೊಳ ಜಾಗ ಸಾಕು.

ಶಾಸ್ತ್ರ ಇದನ್ನು ಎಲ್ಲಿ ಇರಿಸಿದೆ?

ಚರಕಸಂಹಿತೆಯಲ್ಲಿ ತುಳಸಿಗೆ ಸುರಸ ಎಂಬ ಹೆಸರಿದೆ. ಅದರ ಗುಣವನ್ನು ವಿವರಿಸಿರುವ ಸ್ಥಳವನ್ನು ಓದುಗರು ಗಮನಿಸಬೇಕು. ಅದು ಸೂತ್ರಸ್ಥಾನದ 27ನೆಯ ಅಧ್ಯಾಯ, ಎಂದರೆ ಅನ್ನಪಾನದ ಅಧ್ಯಾಯ. ಅಲ್ಲಿನ ಹರಿತವರ್ಗದಲ್ಲಿ ಹಸಿಶುಂಠಿ, ಮೂಲಂಗಿಗಳ ಜೊತೆ ಸುರಸವೂ ಬರುತ್ತದೆ. ಊಟದೊಂದಿಗೆ ಹಸಿಯಾಗಿ ತಿನ್ನುವ ಪದಾರ್ಥಗಳ ಸಾಲು ಅದು. ಬಿಕ್ಕಳಿಕೆ, ಕೆಮ್ಮು, ಉಬ್ಬಸ, ಪಕ್ಕೆನೋವುಗಳನ್ನು ಸುರಸ ಶಮನಗೊಳಿಸುತ್ತದೆ, ಕಫವಾತಗಳನ್ನು ತಗ್ಗಿಸುತ್ತದೆ, ದುರ್ಗಂಧವನ್ನು ಕಳೆಯುತ್ತದೆ ಎಂದು ಹೇಳಿದ ಚರಕಾಚಾರ್ಯರು ಅಲ್ಲಿಯೇ ಇನ್ನೊಂದು ಮಾತನ್ನೂ ಸೇರಿಸಿದ್ದಾರೆ: ಅದು ಪಿತ್ತವನ್ನು ಹೆಚ್ಚಿಸುತ್ತದೆ. ಜಾಹೀರಾತುಗಳು ಮೊದಲರ್ಧವನ್ನು ಹೇಳಿ ಎರಡನೆಯ ಅರ್ಧವನ್ನು ಬಿಟ್ಟುಬಿಡುತ್ತವೆ.

ಔಷಧವಾಗಿಯೂ ಸುರಸಕ್ಕೆ ಸ್ಥಾನವಿದೆ, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಉಬ್ಬಸವನ್ನು ಪರಿಹರಿಸುವ ಹತ್ತು ದ್ರವ್ಯಗಳಲ್ಲಿ ಚರಕರು ಅದನ್ನು ಎಣಿಸಿದ್ದಾರೆ. ಸುಶ್ರುತಸಂಹಿತೆಯಲ್ಲಿ ಸುರಸಾದಿ ಗಣವೆಂಬ ಒಂದು ಗುಂಪೇ ಇದೆ. ನೆಗಡಿ, ಅರುಚಿ, ಕೆಮ್ಮು, ಉಬ್ಬಸ, ಕ್ರಿಮಿಗಳಿಗೆ ಅದನ್ನು ಹೇಳಿದೆ. 16ನೆಯ ಶತಮಾನದ ಭಾವಮಿಶ್ರರು ಬಿಳಿ ತುಳಸಿ ಮತ್ತು ಕಪ್ಪು ತುಳಸಿ ಗುಣದಲ್ಲಿ ಸಮಾನವೆಂದು ಬರೆದಿದ್ದಾರೆ. ಕಪ್ಪು ತುಳಸಿಯ ಹೆಸರು ಹೇಳಿ ಹೆಚ್ಚು ಬೆಲೆ ಕೇಳುವವರಿಗೆ ಈ ಮಾತು ಉತ್ತರವಾದೀತು. ಆದರೆ ಈ ಗ್ರಂಥಗಳಲ್ಲಿ ಸುರಸವು ಇತರ ದ್ರವ್ಯಗಳ ಜೊತೆಗೂಡಿ, ರೋಗಿಯ ಪ್ರಕೃತಿ, ಕಾಲ, ಪ್ರಮಾಣಗಳನ್ನು ನೋಡಿ ಬಳಸಬೇಕಾದ ಒಂದು ಸಾಧನ. ಯಾರೂ ಅದನ್ನು ಎಲ್ಲ ರೋಗಗಳಿಗೂ ಒಂದೇ ಪರಿಹಾರವೆಂದು ಹೇಳಿಲ್ಲ.

ಪ್ರಮಾಣ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಕೊರೊನಾ ಕಾಲ ನಮಗೆ ತೋರಿಸಿತು. 2020ರಲ್ಲಿ ಆಯುಷ್ ಸಚಿವಾಲಯವು ಸೂಚಿಸಿದ ಕಷಾಯದ ಪುಡಿಯಲ್ಲಿ ತುಳಸಿ 4 ಪಾಲು, ದಾಲ್ಚಿನ್ನಿ 2 ಪಾಲು, ಶುಂಠಿ 2 ಪಾಲು, ಕಾಳುಮೆಣಸು 1 ಪಾಲು ಇದ್ದವು. ನಾಲ್ಕೂ ಉಷ್ಣವೀರ್ಯದ ದ್ರವ್ಯಗಳು. ದಿನಕ್ಕೆ ಒಂದೆರಡು ಸಲ ಕುಡಿಯಬೇಕಾದುದನ್ನು ಭಯದಿಂದ ನಾಲ್ಕೈದು ಸಲ, ತಿಂಗಳುಗಟ್ಟಲೆ, ಬಿರುಬೇಸಗೆಯಲ್ಲಿಯೂ ಕುಡಿದವರು ಉಂಟು. ಎದೆಯುರಿ, ಬಾಯಿಹುಣ್ಣು, ಉರಿಮೂತ್ರ, ಮೂಲವ್ಯಾಧಿಯ ರಕ್ತಸ್ರಾವಗಳೊಡನೆ ಅವರು ನಮ್ಮಲ್ಲಿಗೆ ಬಂದರು. ಕಷಾಯವನ್ನು ನಿಲ್ಲಿಸಿ, ಮಜ್ಜಿಗೆ ಮತ್ತು ತಂಪು ಆಹಾರಗಳನ್ನು ಕೊಟ್ಟ ಮೇಲೆ ಬಹುಮಂದಿ ಸುಧಾರಿಸಿಕೊಂಡರು. ತುಳಸಿಯ ದೋಷ ಅದರಲ್ಲಿ ಏನೂ ಇರಲಿಲ್ಲ. ಪಿತ್ತಕರವೆಂಬ ಶಾಸ್ತ್ರದ ಎಚ್ಚರಿಕೆಯನ್ನು ಯಾರೂ ಅವರಿಗೆ ಹೇಳಿರಲಿಲ್ಲ.

ಬೆಳೆಸುವ ಬಗೆ

ಮನೆಯಲ್ಲಿಯೇ ಬೆಳೆಸಬೇಕೆಂದು ನಾವು ಒತ್ತಿ ಹೇಳುವುದಕ್ಕೆ ಕಾರಣವಿದೆ. ಮಾಲೆಗೆಂದು ಬೆಳೆದ ಕಾಮಕಸ್ತೂರಿಗೆ ಕೀಟನಾಶಕ ಸಿಂಪಡಿಸುವವರು ಅದನ್ನು ಯಾರಾದರೂ ತಿನ್ನುತ್ತಾರೆಂದು ಎಣಿಸಿರುವುದಿಲ್ಲ. ರಸ್ತೆಯಂಚಿನ ತುಳಸಿಯ ಮೇಲೆ ಹೊಗೆ ಮತ್ತು ಧೂಳು ಕುಳಿತಿರುತ್ತದೆ. ತಿನ್ನುವ ಎಲೆ ನಾವೇ ನೀರೆರೆದ ಗಿಡದ್ದಾಗಿರುವುದು ಕ್ಷೇಮ.

ಹತ್ತು ಹನ್ನೆರಡು ಅಂಗುಲ ಆಳದ ಕುಂಡ, ತಳದಲ್ಲಿ ನೀರು ಬಸಿಯಲು ತೂತು. 2 ಪಾಲು ಮಣ್ಣು, 1 ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, 1 ಪಾಲು ಮರಳು. ಬೀಜವನ್ನು ಮೇಲ್ಮಣ್ಣಿನ ಮೇಲೆ ಉದುರಿಸಿ, ಬೆರಳಿನಿಂದ ಚಿಟಿಕೆ ಮಣ್ಣನ್ನು ತೆಳುವಾಗಿ ಹರಡಿದರೆ ಸಾಕು; ಆಳಕ್ಕೆ ಹೂತ ಬೀಜ ಮೇಲೇಳುವುದಿಲ್ಲ. ನೀರನ್ನು ಚಿಮುಕಿಸಬೇಕು. ಕಾಮಕಸ್ತೂರಿ ಸಾಮಾನ್ಯವಾಗಿ ಐದರಿಂದ ಹತ್ತು ದಿನಗಳಲ್ಲಿ ಮೊಳೆಯುತ್ತದೆ, ತುಳಸಿಗೆ ಇನ್ನೂ ಕೆಲವು ದಿನ ಬೇಕು. ಸಸಿಗೆ ನಾಲ್ಕಾರು ಎಲೆ ಬಂದಾಗ ಒಂದಡಿ ಅಂತರದಲ್ಲಿ ಕಿತ್ತು ನೆಡಬೇಕು. ಹೂ ಬಿಡದ ನಾಲ್ಕೈದು ಅಂಗುಲದ ರೆಂಬೆಯನ್ನು ಲೋಟದ ನೀರಿನಲ್ಲಿ ನಿಲ್ಲಿಸಿದರೆ ಒಂದೆರಡು ವಾರಗಳಲ್ಲಿ ಬೇರು ಬಿಡುತ್ತದೆ. ನೆರೆಮನೆಯಲ್ಲಿ ಗಿಡವಿದ್ದರೆ ಬೀಜದ ಖರ್ಚೂ ಇಲ್ಲ.

ದಿನಕ್ಕೆ ಐದಾರು ತಾಸು ಬಿಸಿಲು ಬೇಕು. ನೀರನ್ನು ಬೆಳಿಗ್ಗೆ ಬುಡಕ್ಕೆ ಹಾಕಬೇಕು, ಎಲೆಗಳ ಮೇಲೆ ಸುರಿಯಬಾರದು. ಕೆಳಗಿನ ಎಲೆಗಳು ಹಳದಿಯಾಗುತ್ತಿದ್ದರೆ ಬಹಳ ಸಲ ನೀರು ಹೆಚ್ಚಾಗಿರುತ್ತದೆ. ಗೊಬ್ಬರ ಸುರಿಯುವ ಮೊದಲು ಬೆರಳಿನಿಂದ ಮಣ್ಣನ್ನು ಮುಟ್ಟಿ ನೋಡಬೇಕು. ಮಲೆನಾಡಿನ ಮಳೆಗಾಲದಲ್ಲಿ ಕುಂಡವನ್ನು ಸೂರಿನಡಿಗೆ ಸರಿಸುವುದು ಒಳಿತು. ಹಿಟ್ಟುತಿಗಣೆ ಬಂದರೆ ನೀರಿನ ರಭಸಕ್ಕೆ ತೊಳೆದು, ಮತ್ತೆ ಕಂಡರೆ ಬೇವಿನೆಣ್ಣೆಯನ್ನು ನೀರಿನಲ್ಲಿ ಕದಡಿ ಸಿಂಪಡಿಸಬೇಕು. ಹಾಗೆ ಸಿಂಪಡಿಸಿದ ಮೇಲೆ ಕೆಲವು ದಿನ ಎಲೆ ಕೊಯ್ಯಬಾರದು.

ಎಲ್ಲಕ್ಕಿಂತ ಮುಖ್ಯವಾದುದು ಕುಡಿ ಚಿವುಟುವುದು. ಗಿಡ ಅರ್ಧ ಅಡಿ ಎತ್ತರವಾದಾಗ ತುದಿಯನ್ನು ಚಿವುಟಿದರೆ ಅಲ್ಲಿಂದ ಎರಡು ಕವಲು ಒಡೆಯುತ್ತವೆ. ತೆನೆಯಂಥ ಹೂಗೊಂಚಲು ಕಾಣಿಸಿದೊಡನೆ ತೆಗೆಯುತ್ತಿದ್ದರೆ ಎಲೆ ಮೃದುವಾಗಿ ಬಹುಕಾಲ ದೊರೆಯುತ್ತದೆ. ಹೂವನ್ನು ಬಿಟ್ಟರೆ ಗಿಡ ಬೀಜ ಕಟ್ಟಿ ಬೇಗ ಮುಪ್ಪಾಗುತ್ತದೆ. ಬೀಜಕ್ಕಾಗಿ ಒಂದು ಗಿಡವನ್ನು ಹಾಗೆಯೇ ಬಿಟ್ಟು, ಉಳಿದವನ್ನು ಚಿವುಟುತ್ತಿರಬೇಕು. ಒಂದು ಸಲಕ್ಕೆ ಗಿಡದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಎಲೆ ಕೊಯ್ಯಬಾರದು.

ಅಡುಗೆಮನೆಯಲ್ಲಿ

ಇಟಲಿಯ ಜಿನೋವಾ ನಗರದವರು ಕಾಮಕಸ್ತೂರಿಯ ಎಲೆಗೆ ಬೆಳ್ಳುಳ್ಳಿ, ಪೈನ್ ಮರದ ಬೀಜ, ಗಿಣ್ಣು, ಆಲಿವ್ ಎಣ್ಣೆ ಸೇರಿಸಿ ಒರಳಲ್ಲಿ ಅರೆದು ಪೆಸ್ಟೊ ಮಾಡುತ್ತಾರೆ. ಥಾಯ್ಲೆಂಡಿನವರು ತುಳಸಿಯ ಎಲೆಯನ್ನೇ ಬಾಣಲೆಯಲ್ಲಿ ಬಾಡಿಸಿ ಅನ್ನದೊಡನೆ ಉಣ್ಣುತ್ತಾರೆ. ಸೊಪ್ಪು ತಿನ್ನುವುದರಲ್ಲಿ ನಾವು ಯಾರಿಗೂ ಹಿಂದೆ ಬಿದ್ದವರಲ್ಲ; ಆದರೂ ಈ ಎರಡು ಗಿಡಗಳನ್ನು ಊಟದಿಂದ ದೂರವಿಟ್ಟಿದ್ದೇವೆ.

ಜೋಳದ ರೊಟ್ಟಿಗೆ ಒಪ್ಪುವ ಒಂದು ಚಟ್ನಿಯನ್ನು ನಮ್ಮ ಮನೆಯಲ್ಲಿ ಮಾಡುತ್ತೇವೆ. ಎರಡು ಹಿಡಿ ಕಾಮಕಸ್ತೂರಿ ಎಲೆ, ಒಂದು ಹಿಡಿ ಹುರಿದ ಶೇಂಗಾ, ಎರಡು ಎಸಳು ಬೆಳ್ಳುಳ್ಳಿ, ಒಂದು ಹಸಿಮೆಣಸಿನಕಾಯಿ, ಉಪ್ಪು, ಅರ್ಧ ನಿಂಬೆಹಣ್ಣಿನ ರಸ, ಒಂದು ಚಮಚ ಶೇಂಗಾ ಎಣ್ಣೆ ಸೇರಿಸಿ ತರಿತರಿಯಾಗಿ ಅರೆಯಬೇಕು. ಅರೆದ ದಿನವೇ ತಿನ್ನಬೇಕು.

ತಂಬುಳಿಗೆ ಹತ್ತು ಹನ್ನೆರಡು ಕಾಮಕಸ್ತೂರಿ ಎಲೆಗಳನ್ನು ಅರ್ಧ ಚಮಚ ಜೀರಿಗೆ, ಮೂರು ನಾಲ್ಕು ಕಾಳುಮೆಣಸಿನೊಡನೆ ತುಪ್ಪದಲ್ಲಿ ಬಾಡಿಸಿ, ಎರಡು ಚಮಚ ತೆಂಗಿನತುರಿ ಹಾಕಿ ಅರೆದು ಮಜ್ಜಿಗೆಗೆ ಬೆರೆಸಬೇಕು. ಊಟ ರುಚಿಸದವರಿಗೆ, ಜ್ವರ ಬಿಟ್ಟು ಚೇತರಿಸಿಕೊಳ್ಳುವವರಿಗೆ ಇದು ಹಿತ. ಹೆಸರುಬೇಳೆಯ ಕೋಸಂಬರಿಗೆ ಕೊತ್ತಂಬರಿಯ ಬದಲು ನಾಲ್ಕು ಎಲೆ ಹರಿದು ಹಾಕಬಹುದು. ಈ ಎಲೆಗಳ ಪರಿಮಳ ಆವಿಯಾಗಿ ಹೋಗುವ ತೈಲದಲ್ಲಿರುವುದರಿಂದ ಸಾರಿಗಾಗಲಿ ಪಲ್ಯಕ್ಕಾಗಲಿ ಒಲೆಯಿಂದ ಇಳಿಸುವ ಹೊತ್ತಿಗೆ ಹಾಕಿ ಮುಚ್ಚಬೇಕು. ಕೊಯ್ದ ಕಾಮಕಸ್ತೂರಿಯನ್ನು ಫ್ರಿಜ್ಜಿನಲ್ಲಿಟ್ಟರೆ ಚಳಿಗೆ ಕಪ್ಪಾಗುತ್ತದೆ. ಹೂವಿನಂತೆ ನೀರಿನ ಲೋಟದಲ್ಲಿ ನಿಲ್ಲಿಸಿದರೆ ನಾಲ್ಕು ದಿನ ಬಾಳುತ್ತದೆ.

ಬೇಸಗೆಗೆ ಕಾಮಕಸ್ತೂರಿ ಬೀಜದ ಪಾನಕ. ಒಂದು ಚಮಚ ಬೀಜವನ್ನು ಒಂದು ಲೋಟ ನೀರಿನಲ್ಲಿ ಇಪ್ಪತ್ತು ನಿಮಿಷ ನೆನೆಸಿದರೆ ಪ್ರತಿ ಬೀಜವೂ ಉಬ್ಬಿ ಲೋಳೆಯ ಹೊದಿಕೆ ತಳೆಯುತ್ತದೆ. ಬೆಲ್ಲದ ನೀರು, ನಿಂಬೆರಸ, ಏಲಕ್ಕಿ ಬೆರೆಸಿ ಕುಡಿಯಬಹುದು. ಮಲಬದ್ಧತೆ ಇರುವವರಿಗೂ ಇದು ಅನುಕೂಲ. ನೆನೆಯದ ಬೀಜವನ್ನು ಒಣದಾಗಿ ನುಂಗಬಾರದು, ಅದು ಗಂಟಲಲ್ಲಿ ಉಬ್ಬಿ ಸಿಕ್ಕಿಕೊಂಡೀತು. ಚಿಕ್ಕ ಮಕ್ಕಳಿಗೂ ನುಂಗಲು ಕಷ್ಟಪಡುವ ವೃದ್ಧರಿಗೂ ಇದನ್ನು ಕೊಡದಿರುವುದೇ ಲೇಸು.

ನೆಗಡಿ, ಗಂಟಲುಕೆರೆತಕ್ಕೆ ತುಳಸಿಯ ಕಷಾಯ. ಅರ್ಧ ಚಮಚ ಕೊತ್ತಂಬರಿ ಬೀಜ, ಮೂರು ಕಾಳುಮೆಣಸು, ಒಂದು ಚೂರು ಒಣಶುಂಠಿಯನ್ನು ಜಜ್ಜಿ ಎರಡು ಲೋಟ ನೀರಿನಲ್ಲಿ ಕುದಿಸಿ ಒಂದು ಲೋಟಕ್ಕೆ ಇಳಿಸಬೇಕು. ಕೊನೆಯಲ್ಲಿ ಎಂಟು ಹತ್ತು ತುಳಸಿ ಎಲೆ ಹಾಕಿ ಐದು ನಿಮಿಷ ಮುಚ್ಚಿಡಬೇಕು. ಬೆಲ್ಲ ಸೇರಿಸಿ ದಿನಕ್ಕೆ ಒಂದೆರಡು ಸಲ, ಎರಡು ಮೂರು ದಿನ ಕುಡಿದರೆ ಸಾಕು. ಕುದಿಯುವ ಕಷಾಯಕ್ಕೆ ಜೇನು ಹಾಕಬಾರದು. ಬಿಸಿ ಮಾಡಿದ ಜೇನನ್ನು ಆಯುರ್ವೇದ ನಿಷೇಧಿಸಿದೆ.

ಇಲ್ಲಿ ಹಾಲಿನ ಪ್ರಶ್ನೆಯೂ ಬರುತ್ತದೆ. ತುಳಸಿ ಹಾಕಿದ ಹಾಲು, ತುಳಸಿಯ ಹಾಲಿನ ಚಹಾ ಈಗ ರೂಢಿಯಾಗಿವೆ. ಚರಕಸಂಹಿತೆಯು ವಿರುದ್ಧಾಹಾರವನ್ನು ಹೇಳುವಾಗ ಮೂಲಂಗಿ, ಬೆಳ್ಳುಳ್ಳಿ, ಅರ್ಜಕ, ಸುರಸ ಮೊದಲಾದವನ್ನು ತಿಂದ ಮೇಲೆ ಹಾಲು ಕುಡಿಯಬಾರದು, ಅದರಿಂದ ಚರ್ಮವ್ಯಾಧಿಯ ಭಯವಿದೆ ಎಂದಿದೆ. ಅರ್ಜಕವೆಂದರೆ ಕಾಮಕಸ್ತೂರಿಯ ಬಳಗದ ಗಿಡ. ಮಜ್ಜಿಗೆಗೆ ಆ ನಿಷೇಧವನ್ನು ಅಲ್ಲಿ ಹೇಳಿಲ್ಲ. ಆಯುರ್ವೇದದ ಹೆಸರಿನಲ್ಲಿ ತುಳಸಿ ಸೇವಿಸುವವರು ಆಯುರ್ವೇದದ ಈ ಮಾತನ್ನೂ ಕೇಳಬೇಕಲ್ಲವೇ?

ಮದ್ದಿನ ಎಲ್ಲೆ

ತುಳಸಿ ರಾತ್ರಿಯೂ ಸೇರಿ ಇಪ್ಪತ್ತನಾಲ್ಕು ತಾಸು ಆಮ್ಲಜನಕ ಬಿಡುತ್ತದೆ ಎಂಬ ಮಾತು ನಿಜವಲ್ಲ. ಗಿಡಗಳು ಆಮ್ಲಜನಕವನ್ನು ಬಿಡುವುದು ಬೆಳಕಿನಲ್ಲಿ ಆಹಾರ ತಯಾರಿಸುವಾಗ ಮಾತ್ರ. ಇಂಥ ಮಾತು ನಿರಪಾಯವಾದುದು, ನಕ್ಕು ಬಿಡಬಹುದು. ಅಪಾಯಕಾರಿಯಾದವು ಬೇರೆ ಇವೆ.

ಎರಡು ವಾರ ಮೀರಿದ ಕೆಮ್ಮಿಗೆ ಕಫಪರೀಕ್ಷೆ ಆಗಲೇಬೇಕು. ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಕ್ಷಯದ ಪರೀಕ್ಷೆ ಮತ್ತು ಚಿಕಿತ್ಸೆ ಉಚಿತವಾಗಿವೆ. ಎರಡು ಮೂರು ತಿಂಗಳು ತುಳಸಿಹನಿಯಲ್ಲಿ ಕಳೆದು, ಮೈ ಸೊರಗಿದ ಮೇಲೆ ಬಂದ ರೋಗಿಗಳನ್ನು ನಾವು ನೋಡಿದ್ದೇವೆ. ಅಷ್ಟರಲ್ಲಿ ಮನೆಯ ಮಕ್ಕಳಿಗೂ ಸೋಂಕು ತಗಲಿರುವ ಸಾಧ್ಯತೆ ಇರುತ್ತದೆ. ಮೂರು ದಿನಕ್ಕೂ ಇಳಿಯದ ಜ್ವರ, ಉಸಿರಾಟದ ತೊಂದರೆ, ಕಫದಲ್ಲಿ ರಕ್ತ, ಕೂಸು ಹಾಲು ಕುಡಿಯದಿರುವುದು ಇವುಗಳಲ್ಲಿ ಯಾವುದಕ್ಕೂ ಕಷಾಯ ಕುಡಿಸುತ್ತ ಕಾಯಬಾರದು.

ಒಂದು ವರ್ಷ ತುಂಬದ ಕೂಸಿಗೆ ತುಳಸಿರಸದಲ್ಲಿ ಜೇನು ಕಲಸಿ ನೆಕ್ಕಿಸುವ ರೂಢಿ ಅನೇಕ ಮನೆಗಳಲ್ಲಿದೆ. ಜೇನಿನಲ್ಲಿರಬಹುದಾದ ಒಂದು ಬಗೆಯ ಸೂಕ್ಷ್ಮಜೀವಿಯು ಎಳೆಗೂಸಿನ ಕರುಳಿನಲ್ಲಿ ಬೆಳೆದು, ನರಗಳನ್ನು ಸೋಲಿಸುವ ವಿಷವನ್ನು ಉಂಟುಮಾಡಬಲ್ಲದು. ಹಿರಿಯರಿಂದ ಬಂದ ಪದ್ಧತಿಯೆಂದು ಇದನ್ನು ಮುಂದುವರಿಸುವುದು ಸಲ್ಲದು. ವರ್ಷ ತುಂಬುವವರೆಗೆ ಜೇನು ಬೇಡ.

ಸಕ್ಕರೆ ಕಾಯಿಲೆಗೆ ಔಷಧ ತೆಗೆದುಕೊಳ್ಳುವವರು ತುಳಸಿಯನ್ನು ಹೆಚ್ಚಾಗಿ ಸೇವಿಸಿದರೆ ರಕ್ತದ ಸಕ್ಕರೆ ಮತ್ತಷ್ಟು ಇಳಿಯಬಹುದು. ಯುಜಿನಾಲ್ ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಗುಣವುಳ್ಳದ್ದು. ರಕ್ತ ತೆಳುಮಾಡುವ ಗುಳಿಗೆ ನುಂಗುವವರು, ಶಸ್ತ್ರಚಿಕಿತ್ಸೆಗೆ ಸಿದ್ಧರಾಗುತ್ತಿರುವವರು ವೈದ್ಯರಿಗೆ ತಿಳಿಸಬೇಕು. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಅಧಿಕ ಪ್ರಮಾಣದ ತುಳಸಿ ವೀರ್ಯಾಣುಗಳ ಸಂಖ್ಯೆಯನ್ನು ಕುಗ್ಗಿಸಿದೆ. ಆದುದರಿಂದ ಸಂತಾನವನ್ನು ಬಯಸುವವರು ಮತ್ತು ಗರ್ಭಿಣಿಯರು ಅದನ್ನು ಔಷಧದ ಪ್ರಮಾಣದಲ್ಲಿ ಸೇವಿಸಬಾರದು. ಕಾಮಕಸ್ತೂರಿಯ ಕೆಲವು ತಳಿಗಳ ತೈಲದಲ್ಲಿ ಎಸ್ಟ್ರಗೋಲ್ ಎಂಬ ಅಂಶ ಹೆಚ್ಚಾಗಿದ್ದು, ದೊಡ್ಡ ಪ್ರಮಾಣದಲ್ಲಿ ಕೊಟ್ಟಾಗ ಪ್ರಯೋಗದ ಪ್ರಾಣಿಗಳ ಯಕೃತ್ತಿಗೆ ಹಾನಿಯಾಗಿದೆ. ಊಟದಲ್ಲಿನ ನಾಲ್ಕೆಂಟು ಎಲೆಗೆ ಈ ಭಯವಿಲ್ಲ. ಗಿಡದ ತೈಲವನ್ನು ಬಟ್ಟಿಯಿಳಿಸಿ ಸಾಂದ್ರಗೊಳಿಸಿದ ಹನಿಗೆ ಎಲೆಯ ಅಭಯ ಸಲ್ಲುವುದಿಲ್ಲ. ಎಲೆಯನ್ನು ಅಳತೆ ಮೀರಿ ತಿನ್ನಲು ನಾಲಗೆಯೇ ಬಿಡುವುದಿಲ್ಲ, ಸೀಸೆಗೆ ಅಂಥ ತಡೆಯಿಲ್ಲ.

ಹಾಗೆಂದು ಸೀಸೆಯಲ್ಲಿರುವುದೆಲ್ಲ ಕೆಟ್ಟದ್ದೆಂದು ನಾವು ಹೇಳುತ್ತಿಲ್ಲ. ವೈದ್ಯರು ರೋಗವನ್ನು ಗುರುತಿಸಿ, ಪ್ರಮಾಣ ಮತ್ತು ಅವಧಿಯನ್ನು ನಿಶ್ಚಯಿಸಿ ಕೊಟ್ಟ ಸುರಸಯುಕ್ತ ಔಷಧವನ್ನು ನಿಷ್ಠೆಯಿಂದ ಸೇವಿಸಬೇಕು. ನಮ್ಮ ಆಕ್ಷೇಪ ಜಾಹೀರಾತನ್ನು ನೋಡಿ ಕೊಂಡು, ಅಳತೆಯಿಲ್ಲದೆ ಸೇವಿಸಿ, ಬೇರೆ ಚಿಕಿತ್ಸೆ ಬೇಡವೆಂದು ಕೂರುವುದಕ್ಕೆ. ನಾವು ಅಭ್ಯಾಸ ಮಾಡಿದ ಶಾಸ್ತ್ರದ ಹೆಸರಿನಲ್ಲಿ ಇದು ನಡೆಯುತ್ತಿರುವುದರಿಂದ ನಾವು ಸುಮ್ಮನಿರುವುದು ಸರಿಯಲ್ಲ.

ಸದ್ಭಕ್ತರಲ್ಲಿ ನಮ್ಮ ವಿನಂತಿ ಇಷ್ಟೇ. ಒಂದು ಕುಂಡದಲ್ಲಿ ತುಳಸಿ, ಇನ್ನೊಂದರಲ್ಲಿ ಕಾಮಕಸ್ತೂರಿ ಬೆಳೆಸಿರಿ. ವಾರದಲ್ಲಿ ಒಂದೆರಡು ದಿನ ಚಟ್ನಿಗೋ ತಂಬುಳಿಗೋ ಎಲೆ ಕೊಯ್ಯಿರಿ. ನೆಗಡಿಯಾದಾಗ ಒಂದೆರಡು ದಿನ ಕಷಾಯ ಕುಡಿಯಿರಿ, ಕಡಿಮೆಯಾಗದಿದ್ದರೆ ವೈದ್ಯರ ಬಳಿಗೆ ಹೋಗಿರಿ. ಬೀಜ ಕಟ್ಟಿದಾಗ ಒಂದು ಹಿಡಿಯನ್ನು ಕಾಗದದಲ್ಲಿ ಕಟ್ಟಿ, ಗಿಡವಿಲ್ಲದ ಮನೆಯವರಿಗೆ ಕೊಡಿರಿ. ಜೊತೆಗೆ ಅದನ್ನು ಎಷ್ಟು ಬಳಸಬೇಕು, ಯಾವಾಗ ಬಳಸಬಾರದು ಎಂಬುದನ್ನೂ ತಿಳಿಸಿರಿ.